ಅಂಚಿನ ಕಿಟಕಿಯ ಕುರ್ಚಿ

ರಾತ್ರಿ ಬಹಳ ಹೊತ್ತಾದ ಮೇಲೆ ಮುಂದಿನ ಕೋಣೆಯಿಂದ ಟಕ್ ಎಂಬ ಸಣ್ಣ ಸದ್ದು ಕೇಳಿತು. ಬಕಲ್ಲು ಕೂಡಿಕೊಂಡಾಗ ಬರುವ ಸದ್ದು. ನಮ್ಮೂರಿನ ಕೂಸಿಗೂ ಅದರ ಗುರುತಿದೆ. ಆದರೆ ಊರು ನೆಲದ ಮೇಲಿರುವಾಗ, ಅದೂ ಎಲ್ಲರೂ ಮಲಗಿರುವಾಗ, ಯಾರೂ ಬೆಲ್ಟು ಹಾಕಿಕೊಳ್ಳುವುದಿಲ್ಲ. ನಾನು ಉಸಿರು ಹಿಡಿದು ಕಾದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಮ್ಮೆ, ಟಕ್. ಪಕ್ಕದಲ್ಲಿ ನನ್ನ ಗಂಡ ಚನ್ನಕೇಶವ ಮಗ್ಗುಲು ಬದಲಿಸಿ, "ಇಲಿ" ಎಂದು ಗೊಣಗಿ ಮತ್ತೆ ನಿದ್ದೆ ಹೋದರು. ಇಲಿಗೆ ಬಕಲ್ಲು ಹಾಕಲು ಬರುವುದಿಲ್ಲ. ಮುಂದಿನ ಕೋಣೆಯಲ್ಲಿ ಮಲಗುವವರು ಅತ್ತೆ ಪುಟ್ಟತಾಯಮ್ಮ ಒಬ್ಬರೇ. ಎದ್ದು ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ನಮ್ಮ ಬೀದಿಯ ನಿಗಾ ನನ್ನದು. ಕಂಡದ್ದನ್ನು ಕಂಡಿಲ್ಲ ಎನ್ನುವ ಹಾಗಿರಲಿಲ್ಲ.

ನಮ್ಮ ಊರು ಏಳುತ್ತದೆ, ಇಳಿಯುತ್ತದೆ. ಕೆಲವೊಮ್ಮೆ ತಿಂಗಳುಗಟ್ಟಲೆ ಒಂದೇ ಕಡೆ ಕೂತಿರುತ್ತದೆ, ಕೆಲವೊಮ್ಮೆ ಒಗೆದ ಬಟ್ಟೆ ಒಣಗುವುದರೊಳಗೆ ಹೊರಟುಬಿಡುತ್ತದೆ. ಹಿಂದಿನ ಸಂಜೆ ಮಾರುಕಟ್ಟೆಯ ಗಂಟೆ ನಿಧಾನವಾಗಿ ಬಡಿದರೆ ನಾಳೆ ಏಳುವುದಿದೆ ಎಂದು ಅರ್ಥ. ಒಲೆ ಆರಿಸಬೇಕು. ಪಾತ್ರೆಗಳ ಮೇಲೆ ಬಲೆ ಎಳೆಯಬೇಕು. ಕುರ್ಚಿಯ ಬೆನ್ನು ನೆಟ್ಟಗಿರಬೇಕು, ಊಟದ ಹಲಗೆ ಗೋಡೆಗೆ ಮಡಚಿರಬೇಕು, ಚೀಲಗಳೆಲ್ಲ ಕುರ್ಚಿಯ ಕೆಳಗೆ ಹೋಗಬೇಕು. ಫೋನು, ರೇಡಿಯೋ ಬಂದ್. ಕೂಸುಗಳು ತಾಯಿಯ ಮಡಿಲಲ್ಲಿ, ತಾಯಿಯ ಬೆಲ್ಟಿಗೆ ಪೋಣಿಸಿದ ಚಿಕ್ಕ ಬೆಲ್ಟಿನೊಳಗೆ. ಇದ್ಯಾವುದೂ ಕಷ್ಟವಲ್ಲ. ಕಷ್ಟವೆಂದರೆ ಕಿಟಕಿ. ಏಳುವಾಗ, ಇಳಿಯುವಾಗ ಕಿಟಕಿಗಳೆಲ್ಲ ಪೂರ್ತಿ ತೆರೆದಿರಬೇಕು, ಪರದೆ ಸರಿಸಿರಬೇಕು. ಒಳಗಿನವರಿಗೆ ಹೊರಗಿನದು ಕಾಣಬೇಕು, ಹೊರಗಿನವರಿಗೆ ಒಳಗಿನದು. ಯಾರ ಮನೆಯ ಗೋಡೆ ಸುಣ್ಣ ಕಂಡಿಲ್ಲ, ಯಾವ ಗಂಡಹೆಂಡಿರು ಜಗಳವಾಡಿ ಒಂದೊಂದು ಮೂಲೆಯಲ್ಲಿ ಕೂತಿದ್ದಾರೆ, ಎಲ್ಲವೂ ಎಲ್ಲರಿಗೂ ಕಾಣುತ್ತದೆ. ಗಂಟೆ ಎರಡು ಸಲ ಬಡಿಯುವವರೆಗೆ ಎದ್ದು ಹೋಗಿ ಕಿಟಕಿ ಮುಚ್ಚುವಂತಿಲ್ಲ.

ನಿಗಾದವಳು ಎಂದರೆ ಏಳುವ ಮುಂಚೆ ಬೀದಿಯ ನಡುವೆ ನಿಂತು, ಕೈಯಲ್ಲೊಂದು ಮಾದರಿ ಬೆಲ್ಟು ಹಿಡಿದು, ಹೀಗೆ ಸಿಕ್ಕಿಸಬೇಕು, ಹೀಗೆ ಎಳೆದು ಬಿಗಿ ಮಾಡಬೇಕು, ಹೀಗೆ ಬಿಚ್ಚಬೇಕು ಎಂದು ತೋರಿಸುವವಳು. ತೋಳಿಗೆ ನೀಲಿ ಪಟ್ಟಿ ಕಟ್ಟಿಕೊಂಡು ಮನೆ ಮನೆಯ ಕಿಟಕಿಯಲ್ಲಿ ಇಣುಕುವವಳು. ನಾನು ಬಿ.ಎ. ಓದಿದವಳು, ಅಕ್ಷರ ಸ್ಪಷ್ಟವಾಗಿ ಉಚ್ಚರಿಸುತ್ತೇನೆ ಎಂದು ಈ ಕೆಲಸ ಕೊಟ್ಟಿದ್ದರು. ನಾನು ತೋರಿಸುವುದನ್ನು ಯಾರೂ ನೋಡುವುದಿಲ್ಲ. ಹೆಂಗಸರು ಹೂ ಕಟ್ಟುತ್ತಿರುತ್ತಾರೆ, ಗಂಡಸರು ಆಕಳಿಸುತ್ತಿರುತ್ತಾರೆ. ಅತ್ತೆ ಒಬ್ಬರೇ ನೋಡುವವರು. ಪ್ರತಿ ಸಲವೂ ಮೊದಲ ಸಲ ನೋಡುವವರ ಹಾಗೆ, ಸ್ವಲ್ಪ ಬಾಯಿ ತೆರೆದು.

ನಮ್ಮದು ಬೀದಿಯ ಕೊನೆಯ ಮನೆ. ಮುಂದಿನ ಕೋಣೆಗೆ ಎರಡು ಕಿಟಕಿ. ಒಂದು ಬೀದಿಗೆ, ಎದುರಿಗೆ ಪಂಕಜಾಳ ಮನೆ. ಇನ್ನೊಂದು ಊರಿನ ಅಂಚಿಗೆ. ಅದರಾಚೆ ಬರಿಯ ನೆಲ, ಎದ್ದ ಮೇಲೆ ಬರಿಯ ಆಕಾಶ. ಅತ್ತೆಯ ಕುರ್ಚಿ ಇರುವುದು ಆ ಅಂಚಿನ ಕಿಟಕಿಗೆ. ಮದುವೆಯಾಗಿ ಬಂದ ದಿನದಿಂದ ಅವರು ಅಲ್ಲೇ ಕೂತವರು. ನೆಲ ದೂರವಾಗುವುದನ್ನು, ಮತ್ತೆಲ್ಲೋ ಬೇರೆ ನೆಲ ಹತ್ತಿರ ಬರುವುದನ್ನು ನೋಡುವುದೊಂದೇ ಅವರ ಚಪಲ. ಇಳಿದ ಕೂಡಲೇ ನೀರಿನ ಕೊಳಾಯಿಯ ಬಳಿ ಹೆಂಗಸರು ಅವರನ್ನೇ ಕೇಳುತ್ತಾರೆ, "ಪುಟ್ಟತಾಯಮ್ಮ, ಈ ಸಲ ಎಲ್ಲಿಗೆ ಬಂದ್ವಿ? ಮರ ಇದಾವಾ?" ಗಂಡ ತೀರಿಹೋದಾಗಲೂ ಬೇರೇನನ್ನೂ ಕೇಳದೆ ಆ ಕುರ್ಚಿ ತಮ್ಮದೇ ಇರಲಿ ಎಂದವರು ಅವರು.

ಅವರ ಪಕ್ಕದ್ದು ನನ್ನ ಕುರ್ಚಿ. ಅಂಚಿನ ಕಿಟಕಿಯ ಕಡೆ ನಾನು ಹೆಚ್ಚು ನೋಡುತ್ತಿರಲಿಲ್ಲ. ಎರಡು ವರ್ಷಗಳಿಂದ ನನ್ನ ಮೈ ದಪ್ಪವಾಗುತ್ತಾ ಬಂದಿತ್ತು, ಅದರಲ್ಲೂ ಹೊಟ್ಟೆ. ಬೆಲ್ಟಿನ ಎರಡು ತುದಿಗಳ ನಡುವೆ ಮೊದಲು ಒಂದು ಬೆರಳಿನಷ್ಟು ಅಂತರ ಉಳಿಯುತ್ತಿತ್ತು, ಆಮೇಲೆ ಒಂದು ಅಂಗೈ. ನಾನು ತುದಿಗಳನ್ನು ಮಡಿಲಲ್ಲಿ ಹತ್ತಿರ ಹತ್ತಿರ ಇಟ್ಟು ಮೇಲೆ ಸೆರಗು ಹೊದೆಸಿಕೊಂಡು, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂರುತ್ತಿದ್ದೆ. ಊರಿಗೆಲ್ಲ ಬೆಲ್ಟು ತೋರಿಸಿ ಬಂದವಳು.

ಇದಕ್ಕೆ ದಾರಿ ಇರಲಿಲ್ಲವೆಂದಲ್ಲ. ಪ್ರತಿ ಬೀದಿಗೂ ಒಂದು ಕೆಂಪು ಬೆಲ್ಟು ಇದೆ. ಉದ್ದ ಸಾಲದ ಬೆಲ್ಟಿಗೆ ಸೇರಿಸಿಕೊಳ್ಳುವ ತುಂಡು. ಅದು ನಮ್ಮ ಮನೆಯ ಬಾಗಿಲ ಹಿಂದೆ, ಮೊಳೆಗೆ ತೂಗುತ್ತಿತ್ತು; ಬೇಕಾದವರು ನನ್ನನ್ನೇ ಕೇಳಬೇಕು. ಮಿಠಾಯಿ ಅಂಗಡಿಯ ಶಿವಣ್ಣ ಕಳೆದ ವರ್ಷ ಕಾಯಿಲೆ ಬಿದ್ದು ಮೈ ಇಳಿಯುವವರೆಗೂ ಅದನ್ನೇ ಹಾಕುತ್ತಿದ್ದರು. "ಕೊಡಿ ಮೇಡಮ್, ನನ್ನ ಬಸುರಿ ಪಟ್ಟಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ನಗುತ್ತಿದ್ದರು. ಅವರು ನಗಬಹುದು. ಉಳಿದಂತೆ ಕೆಂಪು ಬೆಲ್ಟು ಹೋಗುವುದು ಬಸುರಿಯರ ಮನೆಗೆ. ತೆರೆದ ಕಿಟಕಿಯಲ್ಲಿ ಕೆಂಪು ಕಂಡರೆ ಸಾಕು, ಊರು ಏರಿ ಗಂಟೆ ಬಡಿದ ಕೂಡಲೇ ಎದುರುಮನೆಯವರು ಸಕ್ಕರೆ ಹಿಡಿದು ಬರುತ್ತಾರೆ. ನನಗೆ ನಲವತ್ತೆರಡು. ನಮಗೆ ಮಕ್ಕಳಿಲ್ಲ. ಒಂದು ಕಾಲದಲ್ಲಿ ಕೆಂಪು ಬೆಲ್ಟು ನನ್ನ ಕುರ್ಚಿಗೂ ಬಂದಿತ್ತು. ಊರು ಮೂರು ಸಲ ಎದ್ದಿಳಿದ ಮೇಲೆ ಅತ್ತೆಯೇ ಅದನ್ನು ಬಿಚ್ಚಿ, ಒಗೆದು, ಆಗಿನ ನಿಗಾದವರಿಗೆ ಮರಳಿ ಕೊಟ್ಟು ಬಂದರು. ಆಮೇಲೆ ಎಷ್ಟೋ ವರ್ಷ ಬೀದಿಯವರು ನನ್ನ ಹೊಟ್ಟೆಯ ಕಡೆ ನೋಡಿ, ನಾನು ಕಂಡೆನೆಂದು ಕಣ್ಣು ಸರಿಸುತ್ತಿದ್ದರು. ಅದು ಈಚೆಗಷ್ಟೇ ನಿಂತಿತ್ತು.

ಆ ರಾತ್ರಿಯ ಮರುದಿನ ಬೆಳಿಗ್ಗೆ ಊರು ಏಳುವುದಿತ್ತು. ಚನ್ನಕೇಶವ ನೀರಿನ ಟ್ಯಾಂಕಿನ ಮುಚ್ಚಳ ಬಿಗಿಯುವ ಕೆಲಸದವರು. ಏಳುವಾಗ ಇಳಿಯುವಾಗ ಅಲ್ಲೇ ಇರುತ್ತಾರೆ. ಅವರು ಹೊರಟ ಮೇಲೆ, ಅತ್ತೆ ಸ್ನಾನಕ್ಕೆ ಹೋದಾಗ, ನಾನು ಅವರ ಕುರ್ಚಿಯ ಬೆಲ್ಟು ಎತ್ತಿ ನೋಡಿದೆ. ಅತ್ತೆ ಒಣಗಿ ಕಡ್ಡಿಯಾಗಿದ್ದರು, ಬೆಲ್ಟಿನ ಬಾಲ ಅವರ ಮೊಣಕಾಲಿನವರೆಗೂ ಜೋತಾಡುತ್ತಿತ್ತು. ಈಗ ಬಾಲ ಇರಲಿಲ್ಲ. ನೇರವಾಗಿ ಕತ್ತರಿಸಿ, ಎಳೆ ಬಿಡದಂತೆ ಅಂಚು ಹೊಲಿದಿತ್ತು.

ಬೆಲ್ಟು ಕತ್ತರಿಸುವುದು ನಮ್ಮೂರಿನಲ್ಲಿ ಸಣ್ಣ ವಿಷಯವಲ್ಲ. ಅದೇ ಹೊತ್ತಿಗೆ ತೆರೆದ ಕಿಟಕಿಯಿಂದ ಪಂಕಜಾಳ ದನಿ ಕೇಳಿತು.

"ವಿಮಲಕ್ಕಾ, ಏನದು? ತುಂಡಾಗಿದೆಯಾ?"

ಅವಳ ಹಿಂದೆ ದೊರೆಸ್ವಾಮಿ ನಿಂತಿದ್ದರು, ನಿಗಾ ಕಚೇರಿಯ ಹಿರಿಯರು. ಏಳುವ ಮುಂಚೆ ಬೀದಿಗೊಂದು ಮನೆಯಂತೆ ಒಳಹೊಕ್ಕು ತಪಾಸಣೆ ಮಾಡುವುದು ಅವರ ಪದ್ಧತಿ. ಆವತ್ತು ನಮ್ಮ ಮನೆ.

"ಬರಬಹುದಾ, ವಿಮಲಾಕ್ಷಿಯವರೇ? ನಿಮ್ಮ ಮನೆ ಬಗ್ಗೆ ಸಂಶಯ ಇಲ್ಲ. ಪದ್ಧತಿ ಅಷ್ಟೆ" ಎನ್ನುತ್ತಾ ಒಳಗೆ ಬಂದು, ಮೊದಲು ಬಾಗಿಲ ಬಳಿಯ ಕುರ್ಚಿಗೆ ಕೈ ಹಾಕಿದರು. ನನ್ನದಕ್ಕೆ. ಅವರು ಕುರ್ಚಿಗಳನ್ನು ಖಾಲಿ ನೋಡುವವರಲ್ಲ. "ಎಲ್ಲಿ, ಒಂದು ಸಲ ಕೂತು ಹಾಕಿ ತೋರಿಸಿ" ಎನ್ನುವವರು.

ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎನ್ನಲಾರೆ, ಯೋಚಿಸದೆ ಮಾಡಿದೆ ಎಂದರೂ ಸುಳ್ಳಾಗುತ್ತದೆ. "ಸರ್, ಇಲ್ಲಿ ನೋಡಿ" ಎಂದೆ. ನನ್ನ ದನಿ ಬೀದಿಯಲ್ಲಿ ನಿಂತು ಪಾಠ ಹೇಳುವಾಗಿನಷ್ಟೇ ಸ್ಪಷ್ಟವಾಗಿತ್ತು. "ಅತ್ತೆಯ ಬೆಲ್ಟಿಗೆ ಕತ್ತರಿ ಬಿದ್ದಿದೆ. ಈಗಷ್ಟೇ ನನ್ನ ಕಣ್ಣಿಗೆ ಬಿತ್ತು. ಮನೆಯವರು ಅಂತ ಮುಚ್ಚಿಡೋಕೆ ಆಗಲ್ಲ."

ದೊರೆಸ್ವಾಮಿಯ ಕೈ ನನ್ನ ಕುರ್ಚಿಯಿಂದ ಈಚೆ ಬಂತು.

ಅತ್ತೆ ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಬಂದರು. ಕೋಣೆಯಲ್ಲಿ ದೊರೆಸ್ವಾಮಿ, ಕಿಟಕಿಯಲ್ಲಿ ಪಂಕಜಾ, ಪಂಕಜಾಳ ತಾಯಿ, ಇನ್ಯಾರೋ.

"ಏನಮ್ಮಾ ಇದು? ಯಾರು ಕತ್ತರಿಸಿದ್ದು?"

ಅತ್ತೆ ಬೆಲ್ಟು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಏನನ್ನೋ ನೆನಪಿಸಿಕೊಳ್ಳಲಿ ಎಂದು ಕಾಯುವಂತಿತ್ತು. ನಾನು ನೆಲ ನೋಡಿದೆ.

"ನಾನೇ" ಎಂದರು. "ಉದ್ದ ಜಾಸ್ತಿ ಇತ್ತು. ಕಾಲಿಗೆ ತೊಡರ್ತಿತ್ತು."

"ತುಂಡು ಎಲ್ಲಿ?"

"ಎಸೆದೆ."

"ಅಯ್ಯೋ ಪುಟ್ಟತಾಯಮ್ಮ, ನಿಮಗೆ ಇಷ್ಟು ವಯಸ್ಸಾಗಿ!" ಎಂದಳು ಪಂಕಜಾ. ದೊರೆಸ್ವಾಮಿ ಬೇಸರದಿಂದಲೇ ಹೇಳಿದರು: ಬೆಲ್ಟಿಗೆ ಕತ್ತರಿ ಹಾಕಿದವರು ಮನೆಯಲ್ಲಿ ಕೂರುವಂತಿಲ್ಲ. ಇನ್ನು ಮುಂದೆ ಏಳುವಾಗ ಇಳಿಯುವಾಗ ಮಾರುಕಟ್ಟೆಯ ಒಳಕೋಣೆಯ ಸಾಲಿನಲ್ಲಿ ಕೂರಬೇಕು. ಅಂಚಿನ ಕಿಟಕಿಯ ಕುರ್ಚಿ ಖಾಲಿ ಬಿಡುವ ಹಾಗಿಲ್ಲ, ಕೇಳಿದವರಿಗೆ ಕೊಡಬೇಕು. "ನಮ್ಮಮ್ಮ ಎಷ್ಟೋ ವರ್ಷದಿಂದ ಕೇಳ್ತಿದಾರೆ" ಎಂದಳು ಪಂಕಜಾ ತಕ್ಷಣ. ಊರು ಇಳಿದ ಮೇಲೆ ಕುರ್ಚಿ ಸಾಗಿಸುವುದೆಂದು ತೀರ್ಮಾನವಾಯಿತು.

ಒಳಕೋಣೆಗೆ ಕಿಟಕಿಗಳಿಲ್ಲ. ಕುಡಿದು ಬೆಲ್ಟು ಬಿಚ್ಚಿದವರು, ಏಳುವಾಗ ಬೀದಿಯಲ್ಲಿ ಓಡಾಡಿದವರು ಅಲ್ಲಿ ಒತ್ತೊತ್ತಾಗಿ ಕೂರುತ್ತಾರೆ. ಅತ್ತೆ ಟವಲು ಬಿಚ್ಚಿ ಕೂದಲು ಗಂಟು ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ದೊರೆಸ್ವಾಮಿಯ ಹಿಂದೆ ನಡೆದರು. ಬಾಗಿಲಲ್ಲಿ ನನ್ನನ್ನು ದಾಟುವಾಗ ಮೆಲ್ಲಗೆ, "ಕೂತ್ಕೊಳ್ಳುವಾಗ ಸರಿಯಾಗಿ ಕೂತ್ಕೋ" ಎಂದರು. ಬೈದರೆಂದು ತಿಳಿದೆ.

ಅಂದು ಬೀದಿಯಲ್ಲಿ ನಿಂತು ಮಾದರಿ ಬೆಲ್ಟು ಎತ್ತಿ ಹಿಡಿದಾಗ ಎಲ್ಲರೂ ನೋಡಿದರು. ಮೊದಲ ಸಲ. ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, ಆಕಳಿಕೆ ಬಿಟ್ಟು ನೋಡಿದರು. ಶಿವಣ್ಣ ಕಿವಿ ಕಟ್ಟದಿರಲೆಂದು ಮನೆ ಮನೆಗೆ ಪೆಪ್ಪರ್‌ಮೆಂಟು ಹಂಚುತ್ತಾ ಬಂದವರು ನನ್ನ ಕೈಗೆ ಎರಡು ಹಾಕಿದರು. "ಮೇಡಮ್, ಅತ್ತೆ ಅಂತಾನೂ ನೋಡ್ಲಿಲ್ವಂತೆ. ನಿಮ್ಮಂಥವರು ಇರೋದಕ್ಕೇ ಊರು ನೆಟ್ಟಗೆ ಏಳೋದು." ಪೆಪ್ಪರ್‌ಮೆಂಟು ನನ್ನ ಮುಷ್ಟಿಯಲ್ಲೇ ಕರಗಿ ಅಂಟಾಯಿತು.

ಮನೆಗೆ ಬಂದು ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಖಾಲಿ ಕುರ್ಚಿ. ಎದುರಿನ ಕಿಟಕಿಯಿಂದ ಪಂಕಜಾ, ಅವಳ ತಾಯಿ, ಇಬ್ಬರೂ ಈ ಕಡೆಯೇ ನೋಡುತ್ತಿದ್ದರು. ಎಂದಿನ ಹಾಗೆ ಬೆಲ್ಟಿನ ಎರಡು ತುದಿ ಹಿಡಿದು, ಸೆರಗಿನಡಿಯಲ್ಲಿ ಹತ್ತಿರ ತಂದಿಡಲು ಎಳೆದೆ. ಬಂತು. ಇನ್ನೂ ಬಂತು. ಬಕಲ್ಲಿನ ಬಾಯಿಗೆ ನಾಲಿಗೆ ತಾನಾಗಿ ಸೇರಿಕೊಂಡಿತು. ಟಕ್.

ನಾನು ಕೆಳಗೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಸೊಂಟದ ಪಕ್ಕದಲ್ಲಿ, ಕುರ್ಚಿಯ ಕೈಯ ಮರೆಗೆ ಬರುವ ಕಡೆ, ಬೆರಳಿಗೆ ಹೊಲಿಗೆ ಸಿಕ್ಕಿತು. ಒತ್ತೊತ್ತಾದ, ಸ್ವಲ್ಪ ಓರೆಯಾದ ಹೊಲಿಗೆ. ಪ್ರತಿ ವರ್ಷ ನನ್ನ ರವಿಕೆಗಳನ್ನು ಬಿಚ್ಚಿ ಸಡಿಲ ಮಾಡಿದಾಗ ಬಗಲಿನಲ್ಲಿ ಬೀಳುವುದೂ ಆ ಹೊಲಿಗೆಯೇ. ನನ್ನ ಅಳತೆ ಊರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಊರು ಎದ್ದಿತು. ಬಲೆಯ ಕೆಳಗೆ ಪಾತ್ರೆಗಳು ಗಿಲಿಗಿಲಿ ಎಂದವು. ಕಿವಿ ಕಟ್ಟಿತು. ಗಂಟೆ ಎರಡು ಸಲ ಬಡಿಯುವವರೆಗೆ ಯಾರೂ ಏಳುವಂತಿಲ್ಲ, ಮುಖ ಮುಚ್ಚಿಕೊಳ್ಳಲು ಪರದೆಯಿಲ್ಲ. ಬೀದಿಯ ಎಲ್ಲ ಕಿಟಕಿಗಳೂ ತೆರೆದಿದ್ದವು, ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ನೆಟ್ಟಗೆ, ಎಲ್ಲರಿಗಿಂತ ಸರಿಯಾಗಿ ಕೂತಿದ್ದೆ.

ಗಂಟೆ ಬಡಿದ ಮೇಲೆ ಓಡಿದೆ. ಒಳಕೋಣೆಯ ನಡುಸಾಲಿನಲ್ಲಿ ಇಬ್ಬರು ದಪ್ಪ ಗಂಡಸರ ಮಧ್ಯೆ ಅತ್ತೆ ಇನ್ನೂ ಕೂತಿದ್ದರು. ಒಬ್ಬ ಅವರ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

"ಇವನನ್ನ ಸ್ವಲ್ಪ ಆ ಕಡೆ ತಳ್ಳೇ" ಎಂದರು. "ಎರಡೂ ಕಡೆಯವರು ಕೈ ಚಾಚಿಬಿಟ್ಟವ್ರೆ, ನನ್ನ ಕೈ ಇಡೋಕೆ ಜಾಗಾನೇ ಇಲ್ಲ. ಇಲ್ಲೇ ಮಡಿಲಲ್ಲಿ ಮಡಚಿಟ್ಕೊಂಡಿದ್ದೆ." ನಾನು ತಳ್ಳಿದೆ. ಅವನು ಇನ್ನೊಂದು ಕಡೆಗೆ ಒರಗಿದ.

"ಏನು ಕಾಣಿಸ್ತು?" ಎಂದರು ಅತ್ತೆ. "ಹೊರಡುವಾಗ ಆ ಕುರಿ ಮೇಯಿಸೋರು ಇನ್ನೂ ಇದ್ರಾ ಕೆಳಗೆ? ಕೈ ಬೀಸ್ತೀವಿ ಅಂದಿದ್ರು."

"ನೋಡ್ಲಿಲ್ಲ ಅತ್ತೆ."

"ಕಿಟಕಿ ಇತ್ತಲ್ಲೇ."

"ಬೆಲ್ಟು…" ಎಂದೆ.

"ಹೂಂ. ಬಿಗಿಯಾಗ್ಲಿಲ್ಲ ತಾನೆ? ಕತ್ತಲೆಯಲ್ಲಿ ನನ್ನ ಸೊಂಟಕ್ಕೆ ದಿಂಬು ಕಟ್ಕೊಂಡು ಕೂತು ಅಳತೆ ನೋಡಿದ್ದು. ಎರಡು ಸಲ ಹಾಕಿ ನೋಡ್ದೆ. ದಿಂಬು ಜಾಸ್ತಿ ಮೆತ್ತಗೆ, ಅದೇ ಭಯ ಇತ್ತು."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನಿಯಮ ಅಂತಿದ್ದೆ." ಅವರು ತಮ್ಮ ಬೆಲ್ಟು ಬಿಚ್ಚಿದರು. "ಕೆಂಪುದು ಹಾಕ್ಕೋ ಅನ್ನೋಣ ಅಂದ್ರೆ, ಆ ಪಂಕಜಾ ಸಕ್ಕರೆ ಡಬ್ಬಿ ತಗೊಂಡು ಬರೋಳು. ಅದನ್ನ ಇನ್ನೊಂದು ಸಲ ನೋಡೋ ಶಕ್ತಿ ನನಗೂ ಇಲ್ಲ ಕಣಮ್ಮ."

"ನಾನು ಈಗಲೇ ಹೋಗಿ ದೊರೆಸ್ವಾಮಿಗೆ ಎಲ್ಲ ಹೇಳ್ತೀನಿ."

"ಏನು ಹೇಳ್ತೀಯ? ನಿನ್ನ ಬೆಲ್ಟಿಗೆ ಹೊಲಿದ ತುಂಡು ಬಿಚ್ಚಿಸಿಕೊಂಡು ಹೋಗ್ತಾರೆ. ಇಳಿಯುವಾಗ ಮತ್ತೆ ಸೆರಗು ಹೊದ್ಕೊಂಡು ಕೂತ್ಕೋತೀಯ. ಕಳೆದ ಸಲ ಇಳಿದಾಗ ಕುರ್ಚಿಯಿಂದ ಹೇಗೆ ಎಗರಿದೆ, ನೋಡಿದೀನಿ." ನಂತರ ಅವರು ಮೆಲ್ಲಗೆ ಎದ್ದು ನನ್ನ ತೋಳು ಹಿಡಿದರು. ನೀಲಿ ಪಟ್ಟಿ ಇದ್ದ ತೋಳನ್ನೇ. "ನಡಿ, ಒಲೆ ಹಚ್ಚೋಣ."

ಊರು ಮೇಲೆ ಇದ್ದಷ್ಟು ದಿನವೂ ಅತ್ತೆ ತಮ್ಮ ಕುರ್ಚಿಯಲ್ಲಿ ಕೂತು ಹೊರಗೆ ನೋಡುತ್ತಿದ್ದರು. ಏಳುವಾಗ, ಇಳಿಯುವಾಗ ಬಿಟ್ಟು ಉಳಿದ ಹೊತ್ತು ಯಾರೂ ಬೇಡ ಎನ್ನುವುದಿಲ್ಲ. ಆದರೆ ಮೋಡದಲ್ಲಿ ನೋಡುವಂಥದ್ದು ಏನಿರುತ್ತದೆ? ಅವರಿಗೆ ಬೇಕಾದದ್ದು ನೆಲ. ಪಂಕಜಾಳ ತಾಯಿ ಒಮ್ಮೆ ಬಂದು ಕುರ್ಚಿಯ ಅಗಲವನ್ನು ಗೇಣಿನಲ್ಲಿ ಅಳೆದು ಹೋದರು. ಅತ್ತೆ ಎದ್ದು ನಿಂತು ಅಳೆಯಲು ಅನುವು ಮಾಡಿಕೊಟ್ಟರು. ಅಂದು ಸಂಜೆಯೇ ನಾನು ನಿಗಾ ಕಚೇರಿಗೆ ಹೋದೆ.

ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ. ಮಾತನ್ನು ತೂಗಿ ಆಡುವುದು ನನ್ನ ಅಭ್ಯಾಸ. ಆವತ್ತು ಎಲ್ಲ ಮಾತುಗಳನ್ನೂ ಒಂದೇ ಉದ್ದೇಶಕ್ಕೆ ತೂಗಿದೆ. ನಿಜ ಎಷ್ಟು ಹೇಳಿದರೆ ಅತ್ತೆಯ ಕುರ್ಚಿ ಉಳಿಯುತ್ತದೆ, ಎಲ್ಲಿ ನಿಲ್ಲಿಸಿದರೆ ನನ್ನ ಸೊಂಟದ ಗುಟ್ಟು ಉಳಿಯುತ್ತದೆ.

"ಸರ್, ಬೆಲ್ಟು ಕತ್ತರಿಸಲು ಹೇಳಿದ್ದು ನಾನು" ಎಂದೆ. "ಬಾಲ ಅವರ ಕಾಲಿಗೆ ತೊಡರುತ್ತಿತ್ತು. ನಿಗಾದವಳೇ ಹೇಳಿದ ಮೇಲೆ ಅವರು ನಂಬಿ ಕತ್ತರಿಸಿದರು. ನೀವು ಬಂದಾಗ ಹೆದರಿ ತಪ್ಪನ್ನು ಅವರ ಮೇಲೆ ಹಾಕಿದೆ."

ದೊರೆಸ್ವಾಮಿ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅವರು ಅಷ್ಟು ಜನರ ಮುಂದೆ ಬಾಯಿ ಬಿಡಲಿಲ್ಲವಲ್ಲ."

"ಇಲ್ಲ ಸರ್."

"ನಿಗಾದವರು ಹೇಳಿದ್ದನ್ನು ಕೇಳಿದ್ದು ಅವರ ತಪ್ಪಲ್ಲ. ಕುರ್ಚಿ ಅವರದೇ ಇರಲಿ." ಕೈ ಚಾಚಿದರು. "ಆ ಪಟ್ಟಿ ಬಿಚ್ಚಿ ಇಲ್ಲಿಡಿ. ನಿಮ್ಮ ಮೇಲೆ ನನಗೆ ಇಷ್ಟು ನಂಬಿಕೆ ಇತ್ತು, ವಿಮಲಾಕ್ಷಿಯವರೇ. ಇಷ್ಟು."

ತೋಳಿನಿಂದ ಪಟ್ಟಿ ಬಿಚ್ಚುವಾಗ ನನಗೆ ಹಗುರವಾಗಬಹುದು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಹೇಡಿ ಎನಿಸಿಕೊಳ್ಳುವುದು ಕೆಂಪು ಬೆಲ್ಟು ಕೇಳುವುದಕ್ಕಿಂತ ಸುಲಭವಾಗಿ ಕಂಡಿತ್ತು, ಅದಕ್ಕೇ ಅದನ್ನು ಆರಿಸಿಕೊಂಡಿದ್ದೆ. ಇದು ನನಗೆ ಗೊತ್ತಿತ್ತು.

ನಾನು ಹೋದರೆ ಕೊಳಾಯಿಯ ಬಳಿ ಮಾತು ನಿಲ್ಲುತ್ತಿತ್ತು. ಶಿವಣ್ಣ ನನ್ನನ್ನು ಮೇಡಮ್ ಎನ್ನುವುದನ್ನು ಬಿಟ್ಟರು. "ವಯಸ್ಸಾದವರ ಮೇಲೆ ಹಾಕೋದಾ? ಓದಿದವರ ಬುದ್ಧಿ" ಎಂದು ಪಂಕಜಾ ಕೊಡ ತುಂಬಿಸಿಕೊಳ್ಳುತ್ತಾ ಯಾರಿಗೋ ಹೇಳಿದಳು, ನನಗೆ ಕೇಳುವಷ್ಟು ಜೋರಾಗಿ. ನೀಲಿ ಪಟ್ಟಿ ಅವಳ ತೋಳಿಗೆ ಹೋಗಿತ್ತು. ಕೆಂಪು ಬೆಲ್ಟನ್ನೂ ಬಂದು ಮೊಳೆಯಿಂದ ತೆಗೆದುಕೊಂಡು ಹೋದಳು. ಚನ್ನಕೇಶವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ಅಮ್ಮನಿಗೆ ನೀನು ಕತ್ತರಿಸು ಅಂದಿದ್ದು ನಿಜಾನಾ? ನನಗೆ ಯಾಕೋ ಹೊಂದೋದಿಲ್ಲ" ಎಂದರು. ಅಷ್ಟರಲ್ಲಿ ಇಳಿಯುವ ಗಂಟೆ ಬಡಿಯಿತು, ಟ್ಯಾಂಕಿನ ಕಡೆ ಓಡಿದರು.

ಪಂಕಜಾ ನನಗಿಂತ ಹುರುಪಿನವಳು. ಕಿಟಕಿಯಲ್ಲಿ ಇಣುಕಿ ಹೋಗುವವಳಲ್ಲ. ಒಳಗೇ ಬಂದು ಪ್ರತಿ ಬೆಲ್ಟನ್ನೂ ಕೈಯಿಂದ ಎಳೆದು ನೋಡುತ್ತಾಳೆ. ಅತ್ತೆಯದನ್ನು ಎಳೆದಳು. "ಸರಿ ಇದೆ, ಗಿಡ್ಡ ಆದ್ರೂ" ಎಂದು ನಕ್ಕಳು. ಆಮೇಲೆ ನನ್ನ ಮುಂದೆ ಬಗ್ಗಿದಳು. "ಎಲ್ಲಿ ವಿಮಲಕ್ಕ, ಸೆರಗು ತೆಗೀರಿ ಸ್ವಲ್ಪ." ಅವಳ ಬೆರಳು ಬಕಲ್ಲಿನಿಂದ ಪಕ್ಕಕ್ಕೆ, ಹೊಲಿಗೆಯ ಕಡೆಗೆ ಜಾರಿತು. ನಾನು ಕಣ್ಣು ಮುಚ್ಚಿದೆ.

"ಪಂಕಜಾ" ಎಂದರು ಅತ್ತೆ, "ನಿಮ್ಮನೆ ಕಿಟಕಿ ಮುಚ್ಚಿದೆಯಲ್ಲೇ. ದೊರೆಸ್ವಾಮಿ ಅಲ್ಲೇ ತಿರುವಲ್ಲಿ ಬರ್ತಾವ್ರೆ."

"ಅಯ್ಯಯ್ಯೋ, ಅಮ್ಮ ಬಿಸಿಲು ಅಂತ ಎಳೆದಿರಬೇಕು!" ಪಂಕಜಾ ನೀಲಿ ಪಟ್ಟಿ ಹಿಡಿದುಕೊಂಡು ಓಡಿದಳು. ತಿರುವಿನಲ್ಲಿ ಯಾರೂ ಇರಲಿಲ್ಲ.

ಊರು ಇಳಿಯತೊಡಗಿತು. ಅತ್ತೆ ಹಣೆಯನ್ನು ಕಿಟಕಿಯ ಸರಳಿಗೆ ಒತ್ತಿ ಕೂತಿದ್ದರು. "ನೋಡೇ" ಎಂದರು, ತಿರುಗದೆಯೇ. "ಈ ಸಲ ನೋಡ್ಲಿಲ್ಲ ಅಂತ ಹೇಳ್ಬೇಡ." ನಾನು ನೋಡಿದೆ. ಮೋಡದ ಕೆಳಗೆ ಕಂದು ನೆಲ, ನೆಲದ ನಡುವೆ ಒಂದು ಹೊಳೆ, ದಡದಲ್ಲಿ ಯಾರೋ ಹಾಸಿದ್ದ ಬಿಳಿ ಬಟ್ಟೆಗಳು. ಅವೆಲ್ಲ ದೊಡ್ಡದಾಗುತ್ತಾ ಬಂದವು. ನೆಲ ಮುಟ್ಟಿದಾಗ ಊರು ಜೋರಾಗಿ ಕುಲುಕಿತು. ಬೆಲ್ಟು ನನ್ನನ್ನು ಹಿಡಿದುಕೊಂಡಿತು. ಹೊಲಿಗೆ ಬಿಡಲಿಲ್ಲ.

ಗಂಟೆ ಎರಡು ಸಲ ಬಡಿದು ಬಹಳ ಹೊತ್ತಾದರೂ ನಾನು ಬಿಚ್ಚದೆ ಕೂತಿದ್ದೆ. ಚನ್ನಕೇಶವ ಒದ್ದೆ ಕೈಗಳಲ್ಲೇ ಬಂದು ನನ್ನ ಮುಂದೆ ನಿಂತರು. "ಈಗ ಹೇಳು. ಆವತ್ತು ನಿಜವಾಗಿ ಏನಾಯ್ತು?"

ಅತ್ತೆ ಕಿಟಕಿಯಿಂದ ತಿರುಗಲಿಲ್ಲ. ಅವರ ಬೆನ್ನು ಮಾತ್ರ ಸ್ವಲ್ಪ ನೆಟ್ಟಗಾಯಿತು. ಅವರು ಹೇಳುವುದಿಲ್ಲ, ನನಗೆ ಗೊತ್ತಿತ್ತು. ನಾನು ಹೇಳಬೇಕೆಂದರೆ ಮೊದಲು ಸೆರಗು ಸರಿಸಬೇಕಿತ್ತು. ಸರಿಸಲಿಲ್ಲ. ಇವರಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ ಎಂದು ಆಗ ನಿರ್ಧರಿಸಿದೆ.

"ಹೊಳೆ ಕಾಣಿಸ್ತು" ಎಂದೆ. "ಈ ಸಲ ಹೊಳೆ ಪಕ್ಕ ಬಂದಿದೀವಿ."